ಹುಳಿ ನೀರಿನ ಜೀವಿಗಳು
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಮೈಸೂರಿನ ಕಾಲೇಜೊಂದರಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತೇನೆ. ‘ನಿಮ್ಮ ವಿಷಯದ ಬಗ್ಗೆಯೇ ಊರಿನವರಿಗೆ ಅರ್ಥವಾಗುವ ಹಾಗೆ ನಾಲ್ಕು ಮಾತಾಡಿ’ ಎಂದು ಸಮಿತಿಯವರು ಹೇಳಿದರು. ನನ್ನ ವಿಷಯ ಗಣಿಯ ಹುಳಿ ನೀರಿನಲ್ಲಿ ಬದುಕುವ ಬ್ಯಾಕ್ಟೀರಿಯಾ. ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು.

ನಮ್ಮ ಅಪ್ಪ ಕರಿಕಲ್ಲು ಕ್ವಾರಿಯಲ್ಲಿ ಕೂಲಿ ಮಾಡುತ್ತಿದ್ದರು. ನಮ್ಮ ಜಿಲ್ಲೆಯ ಕರಿಕಲ್ಲು ಸಮುದ್ರ ದಾಟಿ ಹೋಗುತ್ತದೆ, ಇಲ್ಲಿ ಉಳಿಯುವುದು ಹಳ್ಳ. ಮಳೆ ಬಂದರೆ ಆ ಹಳ್ಳದಲ್ಲಿ ನೀರು ನಿಲ್ಲುತ್ತದೆ. ನಾನು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದ ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಿತ್ತು. ಕಾಲೇಜಿನಿಂದ ತಂದಿದ್ದ ಪಿಎಚ್ ಕಾಗದವನ್ನು ಹಳ್ಳದ ನೀರಿಗೆ ಅದ್ದಿ ನೋಡಿದೆ. 7 ತೋರಿಸಿತು. ‘ಅವ್ವ, ಈ ನೀರಿನಲ್ಲಿ ಆಮ್ಲ ಇಲ್ಲ, ಶುದ್ಧವಾಗಿದೆ’ ಎಂದೆ. ಅವ್ವ ಒಂದೇ ಮಾತು ಕೇಳಿದಳು: ‘ಹುಳಿ ಇಲ್ದಿದ್ರ ಕುಡೀಬೋದಾ ಮಗ?’ ಓದಿದವನೆಂಬ ಜಂಬದಲ್ಲಿ ಹೂಂ ಎಂದುಬಿಟ್ಟೆ.

ಒಂದು ವಾರದೊಳಗೆ ನನ್ನ ತಮ್ಮನಿಗೆ ವಾಂತಿಭೇದಿ ಹಿಡಿಯಿತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಿ ಉಳಿಸಿಕೊಂಡೆವು. ಆ ನೀರಿನಿಂದಲೇ ಬಂತು ಎಂದು ಇಂದಿಗೂ ನಾನು ಸಾಬೀತು ಮಾಡಲಾರೆ, ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಅವ್ವ ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಹುಳಿ ನೀರು ಎಂದರೇನು ಎಂದು ಓದಲು ಹೊರಟದ್ದು ಆಮೇಲೆ. ಕೆಲವು ಗಣಿಗಳ ಕಲ್ಲಿನಲ್ಲಿ ಪೈರೈಟ್ ಎಂಬ ಖನಿಜ ಇರುತ್ತದೆ. ಕಬ್ಬಿಣ ಮತ್ತು ಗಂಧಕ ಕೂಡಿದ್ದು. ಚಿನ್ನದ ಹಾಗೆ ಹೊಳೆಯುವುದರಿಂದ ಅದಕ್ಕೆ ‘ಮೂರ್ಖರ ಚಿನ್ನ’ ಎನ್ನುತ್ತಾರೆ. ನೆಲದೊಳಗೆ ಮುಚ್ಚಿಕೊಂಡಿದ್ದರೆ ಅದರಿಂದ ತೊಂದರೆಯಿಲ್ಲ. ಅಗೆದು ಗಾಳಿ, ನೀರು ತಾಕಿಸಿದರೆ ಗಂಧಕಾಮ್ಲ ಹುಟ್ಟುತ್ತದೆ. ಬ್ಯಾಟರಿಗೆ ಹಾಕುತ್ತಾರಲ್ಲ, ಅದೇ ಆಮ್ಲ. ನೀರು ಕೆಂಪಾಗುತ್ತದೆ, ತಾಮ್ರ, ಸತುವಿನಂಥ ಲೋಹಗಳು ಕರಗಿ ಬರುತ್ತವೆ, ಮೀನು ಸಾಯುತ್ತದೆ.

ಇದು ಬರೀ ರಸಾಯನಶಾಸ್ತ್ರದ ಕೆಲಸ ಎಂದೇ ಬಹುಕಾಲ ತಿಳಿದಿದ್ದರು. 1947ರಲ್ಲಿ ಅಮೆರಿಕದ ಕೋಲ್ಮರ್ ಮತ್ತು ಹಿಂಕಲ್ ಕಲ್ಲಿದ್ದಲು ಗಣಿಯ ಹುಳಿ ನೀರಿನಲ್ಲಿ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿರುವುದನ್ನು ತೋರಿಸಿದರು. ಅದರ ಈಗಿನ ಹೆಸರು ಆಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡಾನ್ಸ್. ನಾವು ಮುದ್ದೆ ತಿಂದು ಶಕ್ತಿ ಪಡೆದರೆ ಅದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ಆಮ್ಲಜನಕದ ಜೊತೆ ಸೇರಿಸಿ ಶಕ್ತಿ ಪಡೆಯುತ್ತದೆ. ಹಾಗೆ ಮಾರ್ಪಟ್ಟ ಕಬ್ಬಿಣ ಮತ್ತೆ ಪೈರೈಟನ್ನು ಕರಗಿಸುತ್ತದೆ, ಇನ್ನಷ್ಟು ಆಮ್ಲ ಬರುತ್ತದೆ. ಈ ಜೀವಿಗಳಿಂದ ಕಬ್ಬಿಣದ ಆ ಮಾರ್ಪಾಡು ಹತ್ತು ಲಕ್ಷ ಪಟ್ಟಿನವರೆಗೆ ಚುರುಕಾಗಬಲ್ಲದೆಂದು 1970ರಲ್ಲಿ ಲೆಕ್ಕ ಹಾಕಿದರು.

ನಮ್ಮ ರಾಜ್ಯದಲ್ಲೂ ಇಂಥ ಖನಿಜಗಳಿವೆ. ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು, ಅಲ್ಲಿನ ಅದಿರು ಗಂಧಕ ಸೇರಿದ್ದು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಒಂದು ಪಾಲು ಗಂಧಕದ ಖನಿಜದೊಳಗೇ ಅಡಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕೆ. ಎ. ನಟರಾಜನ್ ಮತ್ತು ಅವರ ಶಿಷ್ಯರು ಈ ಬ್ಯಾಕ್ಟೀರಿಯಾಗಳಿಂದಲೇ ಅಂಥ ಖನಿಜ ಒಡೆಸಿ ಲೋಹ ಬಿಡಿಸುವ ಬಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಹೊಳೆಯನ್ನು ಕೆಡಿಸುವ ಜೀವಿಯೇ ತೊಟ್ಟಿಯಲ್ಲಿ ಹಿಡಿದಿಟ್ಟರೆ ಕೆಲಸದಾಳು.

ನನಗೆ ಬಹಳ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ರಿಚ್ಮಂಡ್ ಗಣಿಯ ಕಥೆ. ಅಲ್ಲಿನ ನೀರಿನ ಪಿಎಚ್ 1ಕ್ಕಿಂತ ಕಡಿಮೆ, ಬಿಸಿ 40 ಡಿಗ್ರಿಯ ಆಸುಪಾಸು. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ, ನೆನಪಿರಲಿ. ಆ ನೀರಿನ ಮೇಲೆ ಹಾಲಿನ ಕೆನೆಯ ಹಾಗೆ ನಸುಗೆಂಪು ಪೊರೆ ತೇಲುತ್ತದೆ. ಅದು ಸೂಕ್ಷ್ಮಜೀವಿಗಳ ಊರು. 2004ರಲ್ಲಿ ಜಿಲ್ ಬ್ಯಾನ್‌ಫೀಲ್ಡ್ ಅವರ ತಂಡ, ಒಂದೊಂದೇ ಜೀವಿಯನ್ನು ಬೇರೆ ಮಾಡಿ ಬೆಳೆಸದೆ, ಇಡೀ ಪೊರೆಯ ಡಿಎನ್‌ಎ ಓದಿತು. ಮುಖ್ಯವಾಗಿ ಇದ್ದವು ಕೆಲವೇ ಜಾತಿ. ಹೆಚ್ಚು ಸಂಖ್ಯೆಯ ಲೆಪ್ಟೋಸ್ಪಿರಿಲಮ್ ಗಾಳಿಯ ಇಂಗಾಲದಿಂದ ಆಹಾರ ಕಟ್ಟುತ್ತದೆ. ಫೆರೋಪ್ಲಾಸ್ಮಾ ಬೇರೆಯವು ಬಿಟ್ಟದ್ದನ್ನೂ ತಿನ್ನುತ್ತದೆ. ಆದರೆ ಸಾರಜನಕ? ಗಾಳಿಯಿಂದ ಅದನ್ನು ಹಿಡಿದು ಕೊಡುವ ವಂಶವಾಹಿ ಸಿಕ್ಕಿದ್ದು ಹತ್ತರಲ್ಲೊಂದು ಪಾಲು ಮಾತ್ರವಿದ್ದ ಇನ್ನೊಂದು ಲೆಪ್ಟೋಸ್ಪಿರಿಲಮ್‌ನಲ್ಲಿ. ನಮ್ಮ ಹುರುಳಿ, ಅವರೆಯ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಮಾಡುವ ಕೆಲಸವೇ ಅದು. ಕಡಿಮೆ ಮನೆಯವರು ಎಂದು ಲೆಕ್ಕಕ್ಕೆ ಬಿಟ್ಟಿದ್ದರೆ ಆ ಊರು ಬದುಕುವ ಬಗೆಯೇ ತಿಳಿಯುತ್ತಿರಲಿಲ್ಲ.

ಇನ್ನು ನಮ್ಮ ಹಳ್ಳಕ್ಕೆ ಬರೋಣ. ಕರಿಕಲ್ಲಿನಲ್ಲಿ ಪೈರೈಟ್ ತೀರ ಕಡಿಮೆ, ಹಾಗಾಗಿ ನೀರು ಹುಳಿಯಾಗಲಿಲ್ಲ. ನನ್ನ ಕಾಗದ ಸುಳ್ಳು ಹೇಳಲಿಲ್ಲ, ನಾನು ಕೇಳದ ಪ್ರಶ್ನೆಗೆ ಅದು ಉತ್ತರಿಸಲಿಲ್ಲ ಅಷ್ಟೇ. ದನ ಇಳಿದು, ಬಟ್ಟೆ ಒಗೆದು, ಮಳೆಯಲ್ಲಿ ಬಯಲಿನ ಕೊಳೆಯೆಲ್ಲ ಹರಿದು ಸೇರುವ ನೀರು ಅದು. ರೋಗದ ಜೀವಿಗೆ ಪಿಎಚ್ 7 ಹಿತವಾದ ಜಾಗ. ಹುಳಿ ನೀರು ಕೆಂಪಾಗಿ ಎಚ್ಚರಿಸುತ್ತದೆ, ಈ ನೀರು ತಿಳಿಯಾಗಿಯೇ ಇರುತ್ತದೆ.

ಇದನ್ನು ಹಿಡಿಯಲು 1982ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಒಂದು ಸುಲಭ ಪರೀಕ್ಷೆ ಕೊಟ್ಟರು. ಔಷಧಿ ಹಚ್ಚಿದ ಕಾಗದವಿರುವ ಸೀಸೆಗೆ ನೀರು ತುಂಬಿ ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಡುವುದು. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ನೀರು ಕಪ್ಪಾಗುತ್ತದೆ. ಇಲ್ಲೂ ಗಂಧಕವೇ ನೋಡಿ. ಕಪ್ಪಾದರೆ ಆ ನೀರನ್ನು ಕುದಿಸದೆ ಕುಡಿಯಬಾರದು. ಕಪ್ಪಾಗದಿದ್ದರೂ ಅದೊಂದನ್ನೇ ನಂಬಬೇಡಿ, ಫ್ಲೋರೈಡ್ ಇದ್ದರೆ ಆ ಸೀಸೆ ಹೇಳುವುದಿಲ್ಲ.

ನಮ್ಮ ಬ್ಯಾಚಿನ ಗೆಳೆಯರೆಲ್ಲ ಸೇರಿ ಶಾಲೆಗೆ ಒಂದು ಸೂಕ್ಷ್ಮದರ್ಶಕವನ್ನೂ ಒಂದು ವರ್ಷಕ್ಕಾಗುವಷ್ಟು ಈ ಸೀಸೆಗಳನ್ನೂ ಕೊಡುತ್ತಿದ್ದೇವೆ. ಒಂಬತ್ತನೇ ತರಗತಿಯ ಮಕ್ಕಳು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಊರಿನ ಬೋರ್‌ವೆಲ್, ತೊಂಬೆ, ಹಳ್ಳದ ನೀರು ಪರೀಕ್ಷಿಸಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಹಿರಿಯರಲ್ಲಿ ನನ್ನ ಬೇಡಿಕೆ ಒಂದೇ. ಮಕ್ಕಳು ಬಂದು ‘ಈ ನೀರು ಸರಿಯಿಲ್ಲ’ ಎಂದರೆ ಗದರಿಸಬೇಡಿ, ‘ಸರಿಯಿದೆ’ ಎಂದರೆ ಸುಮ್ಮನೆ ಒಪ್ಪಲೂ ಬೇಡಿ. ನಮ್ಮ ಅವ್ವ ಕೇಳಿದ ಹಾಗೆ ಮತ್ತೊಂದು ಪ್ರಶ್ನೆ ಕೇಳಿ.

ಅವ್ವ ಈಗ ಇಲ್ಲ. ತಮ್ಮ ಅಗೋ, ಮೂರನೇ ಸಾಲಿನಲ್ಲಿ ತನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಿದ್ದಾನೆ. ಆ ಮಗು ಈ ಶಾಲೆಗೆ ಬರುವ ಹೊತ್ತಿಗೆ ಆ ಪುಸ್ತಕದ ಹಾಳೆಗಳು ತುಂಬಿರಲಿ.