ಕೊಕ್ಕೆಯ ಹೆಣಿಗೆ ಮತ್ತು ಗಂಟೆಯ ಲೆಕ್ಕ



ನಮ್ಮ ಡೊಂಬಿವಲಿ, ಕಲ್ಯಾಣಗಳ ಮನೆಗಳಲ್ಲಿ ಬಾಗಿಲಿನ ತೋರಣವನ್ನು ಕ್ರೋಶಾದಿಂದ ಹೆಣೆಯುವ ತಾಯಂದಿರಿದ್ದಾರೆ. ಅದೇ ಕೊಕ್ಕೆಯಿಂದ ಅಜ್ಜಿಯರ ಕಾಲದ ಮಾದರಿಯ ಕೈಚೀಲವನ್ನೂ ಹೆಣೆಯಬಹುದು.

ದಪ್ಪನೆಯ ಹತ್ತಿಯ ನೂಲು, 3 ಮಿಲಿಮೀಟರಿನ ಕೊಕ್ಕೆ ಸಾಕು. ಮೊದಲ ಸುತ್ತಿಗೆ 6 ಕುಣಿಕೆ. ಮುಂದೆ ಸುತ್ತಿಗೆ 6ರಂತೆ ಹೆಚ್ಚಿಸುತ್ತ 12, 18, 24 ಎಂದು ಹೋದರೆ ತಳವು ಚಪ್ಪಟೆಯಾಗಿ ಬೆಳೆಯುತ್ತದೆ. ಕಡಮೆಯಾದರೆ ಬಟ್ಟಲಿನಂತೆ ಮಡಚುತ್ತದೆ, ಹೆಚ್ಚಾದರೆ ನೆರಿಗೆ ಬೀಳುತ್ತದೆ. ಬೇಕಾದಷ್ಟು ಅಗಲವಾದೊಡನೆ ಹೆಚ್ಚಿಸುವುದನ್ನು ನಿಲ್ಲಿಸಿರಿ. ಗೋಡೆ ತಾನೇ ಏಳುತ್ತದೆ. ಒಳಗೆ ಅಸ್ತರು ಕೊಡದಿದ್ದರೆ ಚೀಲ ಜೋಲುತ್ತದೆ, ಚಿಲ್ಲರೆ ಕಾಸೂ ಸೋರುತ್ತದೆ.

ಈ ಕಸಬಿಗೆ ಹಸಿವಿನ ಚರಿತ್ರೆಯುಂಟು. 1845ರಲ್ಲಿ ಆರಂಭವಾದ ಕ್ಷಾಮದಲ್ಲಿ ಐರ್ಲೆಂಡಿನ ಎಷ್ಟೋ ಹೆಂಗಸರು ಇದರಿಂದಲೇ ಗಂಜಿ ಕಂಡರು. ಆಂಧ್ರದ ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಆದರೆ ಅಲ್ಲಿನ ಹೆಂಗಸರನ್ನು ಕುರಿತು ಮಾರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದೇನು? ಮನೆಯಲ್ಲಿ ಕುಳಿತು ಮಾಡುವ ಬಿಡುವಿನ ಕೆಲಸವೆಂದು ಬಗೆದುದರಿಂದಲೇ ಅವರ ಕೂಲಿ ಅತ್ಯಲ್ಪವಾಯಿತು. ಲಾಭ ವ್ಯಾಪಾರಿಗಳ ಪಾಲಾಯಿತು.

ನಾವೂ ಅದನ್ನೇ ಮಾಡುತ್ತೇವಲ್ಲವೇ? ಕಚೇರಿಯಲ್ಲಿ ಅರ್ಧ ದಿನದ ಸಂಬಳ ಕಡಿದರೆ ಲೆಕ್ಕ ಕೇಳುವ ನಾವು, ಮನೆಯಾಕೆ ಹಲವು ಸಂಜೆ ಹೆಣೆದ ಚೀಲಕ್ಕೆ ನೂಲಿನ ಬೆಲೆಯನ್ನಷ್ಟೇ ಹೇಳುತ್ತೇವೆ.

ಆದುದರಿಂದ ನಮ್ಮ ವಿನಂತಿ ಇಷ್ಟೇ: ನೂಲು, ಅಸ್ತರು, ಹಿಡಿಕೆಗಳ ಖರ್ಚಿನ ಪಕ್ಕದಲ್ಲಿ ಗಂಟೆಗಳನ್ನೂ ಬರೆದಿಡಿರಿ, ಗಂಟೆಗೆ ಕೂಲಿ ಕಟ್ಟಿ ಬೆಲೆ ಹೇಳಿರಿ. ಕೊಳ್ಳುವವರು ಚೌಕಾಶಿ ಮಾಡಲಿ. ಮೊದಲು ಇಳಿಸುವವರು ನಾವಾಗುವುದು ಬೇಡ.