ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ



79228162514264337593543950336. ಪರ್ಯಾಪ್ತ ಮನುಷ್ಯರ ಸಂಖ್ಯೆ ಇಷ್ಟೆಂದು ಗೊಮ್ಮಟಸಾರದ ಜೀವಕಾಂಡವು ಹೇಳುತ್ತದೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಅಂಕಿಗಳ ಬದಲು ಅಕ್ಷರಗಳನ್ನಿಟ್ಟು, ಬಿಡಿಸ್ಥಾನದಿಂದ ಆರಂಭಿಸಿ, ಇದನ್ನು ಪ್ರಾಕೃತ ಗಾಹೆಯಲ್ಲಿ ಅಡಗಿಸಿದ್ದಾರೆ. ಕಂಠಪಾಠದ ಪರಂಪರೆಗೆ ಅದು ಒಳ್ಳೆಯ ಉಪಾಯ.

ಎರಡನ್ನು ವರ್ಗಿಸಿದರೆ ನಾಲ್ಕು, ಅದರ ವರ್ಗ ಹದಿನಾರು, ಮುಂದೆ 256, 65536. ಐದನೆಯ ವರ್ಗ 4294967296, ಆರನೆಯದು 18446744073709551616. ಈ ಕೊನೆಯ ಎರಡರ ಗುಣಲಬ್ಧವೇ ನಮ್ಮ ಸಂಖ್ಯೆ. ಇದನ್ನು ತೊಂಬತ್ತಾರು ಸಲ ಅರ್ಧಿಸಿದರೆ ಒಂದು ಉಳಿಯುತ್ತದೆ. ಪ್ರಾಚೀನರು ಆ ತೊಂಬತ್ತಾರನ್ನು 'ಅರ್ಧಚ್ಛೇದ' ಎಂದರು. ಇಂದಿನ ಗಣಿತಕ್ಕೆ ಅದು ಎರಡರ ಆಧಾರದ ಲಾಗರಿದಮ್. ಸಂಖ್ಯೆಗೆ 97 ಭಾಜಕಗಳಿವೆ. ಸಂಖ್ಯೆಯನ್ನೇ ಬಿಟ್ಟು ಉಳಿದ 96ನ್ನು ಕೂಡಿದರೆ ಮೊತ್ತ ಮೂಲಕ್ಕಿಂತ ಸರಿಯಾಗಿ ಒಂದು ಕಡಿಮೆ. ಒಂದು ರೂಪಾಯಿ ತಾಳೆಯಾಗದ ಲೆಕ್ಕಪತ್ರ ನೋಡಿದವರಿಗೆ ಆ ಕಿರಿಕಿರಿ ಗೊತ್ತು.

ಡಾಟ್ ನೆಟ್ ತಂತ್ರಾಂಶದಲ್ಲಿ ಹಣದ ಲೆಕ್ಕಕ್ಕೆ ಬಳಸುವ 'ಡೆಸಿಮಲ್' ಹಿಡಿಯಬಲ್ಲ ಗರಿಷ್ಠ ಮೌಲ್ಯವೂ ಇದಕ್ಕಿಂತ ಒಂದೇ ಕಡಿಮೆ. ಆಗಮದಿಂದ ಕಂಪ್ಯೂಟರಿಗೆ ಹೋದದ್ದೆಂದು ಇದರಲ್ಲಿ ಬೀಗಲು ಏನೂ ಇಲ್ಲ. ತೊಂಬತ್ತಾರು ದ್ವಿಮಾನ ಸ್ಥಾನಗಳನ್ನು ತುಂಬಿದವರಿಗೆಲ್ಲ ಬರುವ ಮಿತಿ ಅದು.

ಬೀಗಬೇಕಾದ ಪುಟ ಬೇರೆ ಇದೆ. ಷಟ್ಖಂಡಾಗಮದ ಸೂತ್ರವು ಮನುಷ್ಯರ ಸಂಖ್ಯೆಗೆ ಎಲ್ಲೆಗಳನ್ನು ಹಾಕುತ್ತದೆ: ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯದಕ್ಕಿಂತ ಕೆಳಗೆ, ಇನ್ನೂ ಬಿಗಿಯಾಗಿ, ಕೋಟಿಯ ಘನಕ್ಕಿಂತ ಹೆಚ್ಚು, ಕೋಟಿಯ ನಾಲ್ಕನೆಯ ಘಾತಕ್ಕಿಂತ ಕಡಿಮೆ. ನಮ್ಮ ಸಂಖ್ಯೆ ಮೊದಲ ಎಲ್ಲೆಯೊಳಗೆ ನಿಲ್ಲುತ್ತದೆ, ಎರಡನೆಯದನ್ನು ಮೀರುತ್ತದೆ. ಕೋಟಿಯ ನಾಲ್ಕನೆಯ ಘಾತದಲ್ಲಿಯೂ ಇಪ್ಪತ್ತೊಂಬತ್ತೇ ಸ್ಥಾನಗಳು. ಸ್ಥಾನಗಳನ್ನಷ್ಟೇ ಎಣಿಸುವವನು ಮೋಸಹೋಗುತ್ತಾನೆ. ಆದರೆ ನಮ್ಮದು ಅದರ ಸುಮಾರು ಎಂಟರಷ್ಟು.

ಒಂಬತ್ತನೆಯ ಶತಮಾನದ ವೀರಸೇನಾಚಾರ್ಯರು ಮೋಸಹೋಗಲಿಲ್ಲ. ಧವಲಾ ಟೀಕೆಯಲ್ಲಿ ಅವರು ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನೇ ಲೆಕ್ಕಹಾಕಿ, ಇಷ್ಟು ಜನ ಅದರಲ್ಲಿ ಹಿಡಿಸಲಾರರೆಂದು ತೋರಿಸಿ, ಸಂಖ್ಯೆಯನ್ನು ತಳ್ಳಿಹಾಕಿದರು. ಲೋಕದ ಅಳತೆ ಅವರಿಗೆ ಪರಂಪರೆಯದೇ. ಆದರೆ ಆ ಅಳತೆಗೆ ಈ ಎಣಿಕೆ ಹೊಂದುತ್ತದೆಯೆ ಎಂಬ ಪ್ರಶ್ನೆ ಅವರದು. ಬಂದ ಅಂಕಿಯನ್ನು ಸಹಿಮಾಡುವ ಮುನ್ನ ಬೇರೊಂದು ದಾರಿಯಿಂದ ಪರಿಶೀಲಿಸುವುದು ಲೆಕ್ಕಪರಿಶೋಧಕನಿಗೂ ಮೊದಲ ಕರ್ತವ್ಯ.

ಶತಮಾನಗಳ ಕಾಲ ಈ ಚರ್ಚೆ ಮೂಡಬಿದಿರೆಯ ತಾಳೆಗರಿಗಳಲ್ಲಿ, ಹಳಗನ್ನಡ ಲಿಪಿಯಲ್ಲಿ, ಬೀಗದ ಹಿಂದೆ ಉಳಿಯಿತು. ದರ್ಶನ ಮಾಡಿ ಕೈಮುಗಿಯುವವರಿದ್ದರು, ಓದುವವರು ವಿರಳ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ 1939ರಿಂದ ಸಂಪುಟಗಳು ಅಚ್ಚಾಗತೊಡಗಿದವು. ಇಂದು ಪಾಠಶಾಲೆಯಲ್ಲಿ ಮಗುವೊಂದು "ಇಷ್ಟು ಜನ ಎಲ್ಲಿ ನಿಲ್ಲುತ್ತಾರೆ?" ಎಂದು ಕೇಳಿದರೆ ಅದನ್ನು ಮಿಥ್ಯಾತ್ವವೆಂದು ಗದರುವ ಅಧ್ಯಾಪಕರು ಧವಲಾದ ಮೂರನೆಯ ಸಂಪುಟವನ್ನು ತೆರೆಯಲಿ. ಅದೇ ಪ್ರಶ್ನೆಯನ್ನು ಆಚಾರ್ಯರೊಬ್ಬರು ಅಲ್ಲಿ ಕೇಳಿದ್ದಾರೆ.