ತೊಂಬತ್ತೈದರ ಹಕ್ಕಿನೋಟ

ಶಿವರಾಮ ಕಾರಂತರು 1997ರ ಡಿಸೆಂಬರ್ 9ರಂದು ತೀರಿಕೊಂಡಾಗ ಅವರಿಗೆ 95 ವರ್ಷ. ಆ ಇಳಿಗಾಲದಲ್ಲಿ ಅವರು ಬರೆಯುತ್ತಿದ್ದದ್ದು ಉಯಿಲನ್ನಲ್ಲ, ಹಕ್ಕಿಗಳ ಬಗ್ಗೆ ಒಂದು ಪುಸ್ತಕವನ್ನು!

ಹಕ್ಕಿ ಎಂದರೆ ಕಾಯದ ಪ್ರಾಣಿ. ಪಿಕಳಾರದ ಬಾಲದ ಬುಡದ ಕೆಂಪು ಮಚ್ಚೆ ಕಾಣಬೇಕಾದರೆ ಅದು ಕೊಂಬೆಯಲ್ಲಿ ಕೂತ ಗಳಿಗೆಯಲ್ಲೇ ನೋಡಬೇಕು. ಆಮೇಲೆ ನೋಡೋಣವೆಂದರೆ ಕೊಂಬೆಯಷ್ಟೇ ಸಿಗುತ್ತದೆ. ಹಾಗೆ ನೋಡುತ್ತ ಕೂತವರಿಗೆ ಉಳಿದ ದಿನಗಳ ಲೆಕ್ಕ ಹಾಕಲು ಪುರುಸೊತ್ತೆಲ್ಲಿ?

ಕಾರಂತರು ಸಾವನ್ನು ಮರೆತಿದ್ದರು ಎನ್ನುವ ಹಾಗೂ ಇಲ್ಲ. ಒಬ್ಬ ಮನುಷ್ಯ ಸತ್ತ ಮೇಲೆ ಉಳಿಯುವುದೇನೆಂದು ‘ಅಳಿದ ಮೇಲೆ’ ಕಾದಂಬರಿಯುದ್ದಕ್ಕೂ ಕೆದಕಿದವರು ಅವರು. ಕೆದಕಿ, ಮತ್ತೆ ಕೆಲಸಕ್ಕೆ ಕೂತರು.

ನಾವೋ, ಅರವತ್ತಾಗುತ್ತಲೇ ‘ಇನ್ನೇನು ಬಿಡಿ, ನಮ್ಮದೆಲ್ಲ ಮುಗೀತು’ ಅನ್ನುತ್ತೇವೆ; ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ.